ಹಾಲು, ಸೇಬು ಮತ್ತು ಕ್ರಾನ್‌ಸ್ಟಾಟ್: ‘ಅನಿಮಲ್ ಫಾರ್ಮ್’ ಕೃತಿಯ ಚಾರಿತ್ರಿಕ ನೆಲೆ

ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಸ್ಟಾಲಿನ್ ಆಡಳಿತದ ವಿಡಂಬನೆ ಎಂಬುದು ತರಗತಿಗಳಲ್ಲಿ ರೂಢವಾಗಿರುವ ಮಾತು. ನೆಪೋಲಿಯನ್ ಎಂಬ ಹಂದಿ ಸ್ಟಾಲಿನ್, ಓಡಿಸಲ್ಪಟ್ಟ ಸ್ನೋಬಾಲ್ ಟ್ರಾಟ್‌ಸ್ಕಿ, ಒಡೆಯ ಜೋನ್ಸ್ ತ್ಸಾರ್ ಚಕ್ರವರ್ತಿ. ಈ ಸಮೀಕರಣ ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಕೃತಿಯು ಒಬ್ಬ ದುಷ್ಟನ ಚರಿತ್ರೆಯಾಗುತ್ತದೆ, ಅವನ ಜಾಗದಲ್ಲಿ ಸಜ್ಜನನೊಬ್ಬನಿದ್ದಿದ್ದರೆ ಕ್ರಾಂತಿ ಕೆಡುತ್ತಿರಲಿಲ್ಲ ಎಂಬ ಸುಲಭ ತೀರ್ಮಾನಕ್ಕೆ ಎಡೆಯಾಗುತ್ತದೆ. ಕಥೆಯ ತಿರುವು ಎಲ್ಲಿದೆ ಎಂಬುದನ್ನು ಲೇಖಕನೇ ಒಂದು ಪತ್ರದಲ್ಲಿ ಸೂಚಿಸಿದ್ದಾನೆ. ಆ ಸೂಚನೆಯನ್ನು ಹಿಡಿದು ನಡೆದರೆ ನಾವು ತಲುಪುವುದು ಸ್ಟಾಲಿನ್‌ನ ಕಾಲವನ್ನಲ್ಲ, 1921ರ ಮಾರ್ಚ್ ತಿಂಗಳನ್ನು.

ಪ್ರಾಣಿಗಳ ಬಾಯಿಂದ ರಾಜನೀತಿಯನ್ನು ಹೇಳಿಸುವ ಪದ್ಧತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಚಾಲುಕ್ಯರ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಆ ಪರಂಪರೆಯ ಕಥೆಗಳು ಸಿಂಹಾಸನದ ಸಮೀಪದಲ್ಲಿರುವವರಿಗೆ ಬುದ್ಧಿ ಹೇಳುವಂಥವು. ಅಧಿಕಾರವನ್ನು ಹೇಗೆ ಕಾಯ್ದುಕೊಳ್ಳಬೇಕು, ಯಾರನ್ನು ನಂಬಬೇಕು ಎಂಬುದು ಅಲ್ಲಿನ ಚಿಂತೆ. ಆರ್ವೆಲ್‌ನ ಕಥೆಯಲ್ಲಿ ನೋಟದ ನೆಲೆ ಬದಲಾಗಿದೆ. ಅಲ್ಲಿ ಅಧಿಕಾರವನ್ನು ನೋಡುತ್ತಿರುವುದು ಲಾಯದಲ್ಲಿ ನಿಂತ ಕುದುರೆಯ ಕಣ್ಣು. ಆದುದರಿಂದಲೇ ಯಾವುದು ಯಾವಾಗ ಕೆಟ್ಟಿತು ಎಂಬುದು ಆ ಕಣ್ಣಿಗೆ ತಡವಾಗಿ ಕಾಣುತ್ತದೆ.

ದಂಗೆಯ ತರುವಾಯದ ಮೊದಲ ಬೆಳಿಗ್ಗೆಯನ್ನು ನೆನೆಯಬಹುದು. ಹಸುಗಳನ್ನು ಕರೆದಾಗ ಐದು ಬಕೆಟ್ ಹಾಲು ದೊರೆಯುತ್ತದೆ. ಅದನ್ನು ಏನು ಮಾಡುವುದೆಂಬ ಪ್ರಶ್ನೆ ಏಳುತ್ತದೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ನಿಂತು, ಹಾಲಿನ ಮಾತು ಆಮೇಲಾಗಲಿ, ಕೊಯ್ಲು ಮುಖ್ಯ ಎಂದು ಎಲ್ಲರನ್ನೂ ಹೊಲಕ್ಕೆ ಕಳುಹಿಸುತ್ತಾನೆ. ಸಂಜೆ ಹಿಂದಿರುಗಿದಾಗ ಹಾಲಿಲ್ಲ. ಅದು ದಿನವೂ ಹಂದಿಗಳ ಆಹಾರಕ್ಕೆ ಬೆರೆಯುತ್ತಿತ್ತೆಂಬುದು ಮುಂದಿನ ಅಧ್ಯಾಯದಲ್ಲಿ ತಿಳಿಯುತ್ತದೆ. ಉದುರಿದ ಸೇಬುಗಳೂ ಅವುಗಳಿಗೇ ಮೀಸಲಾಗುತ್ತವೆ. ಸ್ಕ್ವೀಲರ್ ಎಂಬ ಮಾತುಗಾರ ಹಂದಿ ಬಂದು ಎರಡು ಸಮರ್ಥನೆ ಕೊಡುತ್ತಾನೆ. ಬುದ್ಧಿಯ ಕೆಲಸ ಮಾಡುವವರಿಗೆ ಈ ಆಹಾರ ಅಗತ್ಯ ಎಂಬುದು ಮೊದಲನೆಯದು. ಹಂದಿಗಳು ಕರ್ತವ್ಯದಲ್ಲಿ ಸೋತರೆ ಜೋನ್ಸ್ ಮರಳಿ ಬರುತ್ತಾನೆ ಎಂಬುದು ಎರಡನೆಯದು. ಪ್ರಾಣಿಗಳು ಸುಮ್ಮನಾಗುತ್ತವೆ. ಎಲ್ಲದರಲ್ಲಿಯೂ ಪರಸ್ಪರ ವಿರೋಧಿಸುವ ನೆಪೋಲಿಯನ್ ಮತ್ತು ಸ್ನೋಬಾಲ್ ಈ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರೆಂದು ಆರ್ವೆಲ್ ಸ್ಪಷ್ಟವಾಗಿ ದಾಖಲಿಸುತ್ತಾನೆ. ಒಂದು ವಾಕ್ಯದಲ್ಲಿ ಮುಗಿದುಹೋಗುವ ಈ ವಿವರವನ್ನು ನಾವು ಬಹುಮಟ್ಟಿಗೆ ಗಮನಿಸದೆಯೇ ದಾಟಿಬಿಡುತ್ತೇವೆ.

1946ರ ಡಿಸೆಂಬರಿನಲ್ಲಿ ಅಮೆರಿಕದ ಸಂಪಾದಕ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ ಬರೆದ ಪತ್ರದಲ್ಲಿ ಆರ್ವೆಲ್, ಹಂದಿಗಳು ಹಾಲು–ಸೇಬುಗಳನ್ನು ತಮಗೇ ಇಟ್ಟುಕೊಂಡ ಗಳಿಗೆಯೇ ಕಥೆಯ ತಿರುವು ಎಂದು ಹೇಳಿ, ಪಕ್ಕದಲ್ಲಿ ಆವರಣದೊಳಗೆ ‘ಕ್ರಾನ್‌ಸ್ಟಾಟ್’ ಎಂಬ ಒಂದೇ ಹೆಸರನ್ನು ಬರೆದಿದ್ದಾನೆ. ಉಳಿದ ಪ್ರಾಣಿಗಳು ಆಗಲೇ ಗಟ್ಟಿಯಾಗಿ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂಬುದು ಅವನ ಅಭಿಪ್ರಾಯ. ಕ್ರಾನ್‌ಸ್ಟಾಟ್ ದಂಗೆಯ ಪಡಿನೆರಳನ್ನು ಮೊಟ್ಟೆ ಕೊಡಲೊಲ್ಲದ ಕೋಳಿಗಳ ಪ್ರತಿಭಟನೆಯಲ್ಲಿ ಹುಡುಕುವುದು ಸಹಜ. ಲೇಖಕ ಅದನ್ನು ಅದಕ್ಕಿಂತ ಬಹಳ ಮೊದಲು, ಯಾರೂ ಪ್ರತಿಭಟಿಸದ ಕಡೆಯಲ್ಲಿ ಇರಿಸಿದ್ದಾನೆ.

ಕ್ರಾನ್‌ಸ್ಟಾಟ್ ಎಂಬುದು ಪೆಟ್ರೊಗ್ರಾಡ್ ನಗರಕ್ಕೆ ಸಮೀಪದ ಕೊಟ್ಲಿನ್ ದ್ವೀಪದಲ್ಲಿರುವ ನೌಕಾನೆಲೆ. ಅಲ್ಲಿಯ ನಾವಿಕರು 1917ರ ಕ್ರಾಂತಿಯ ಮುಂಚೂಣಿಯಲ್ಲಿದ್ದವರು. ಟ್ರಾಟ್‌ಸ್ಕಿಯೇ ಅವರನ್ನು ಕ್ರಾಂತಿಯ ಹೆಮ್ಮೆಯೆಂದು ಹೊಗಳಿದ್ದನು. 1921ರ ಚಳಿಗಾಲದಲ್ಲಿ ಅಂತರ್ಯುದ್ಧ ಬಹುಮಟ್ಟಿಗೆ ಮುಗಿದಿದ್ದರೂ ನಗರಗಳಲ್ಲಿ ಇಂಧನವಿರಲಿಲ್ಲ, ರೊಟ್ಟಿಯ ಪಡಿತರ ಕಡಿತಗೊಂಡಿತ್ತು. ಫೆಬ್ರವರಿಯಲ್ಲಿ ಪೆಟ್ರೊಗ್ರಾಡಿನ ಕಾರ್ಮಿಕರು ಮುಷ್ಕರ ಹೂಡಿದರು. ಸ್ಥಿತಿಯನ್ನು ಕಣ್ಣಾರೆ ಕಂಡು ಬರಲು ನಾವಿಕರು ಪ್ರತಿನಿಧಿಗಳನ್ನು ಕಳುಹಿಸಿದರು. ಅವರ ವರದಿಯನ್ನು ಕೇಳಿದ ಬಳಿಕ, ಫೆಬ್ರವರಿ 28ರಂದು ‘ಪೆಟ್ರೊಪಾವ್ಲೊಸ್ಕ್’ ಯುದ್ಧನೌಕೆಯ ಮೇಲೆ 15 ಬೇಡಿಕೆಗಳ ಗೊತ್ತುವಳಿಯೊಂದು ಅಂಗೀಕಾರವಾಯಿತು.

ಗುಪ್ತ ಮತದಾನದ ಮೂಲಕ ಸೋವಿಯತ್‌ಗಳಿಗೆ ಹೊಸ ಚುನಾವಣೆ, ಕಾರ್ಮಿಕರಿಗೂ ರೈತರಿಗೂ ವಾಕ್ಸ್ವಾತಂತ್ರ್ಯ, ಸಮಾಜವಾದಿ ಪಕ್ಷಗಳಿಗೆ ಸೇರಿದ ರಾಜಕೀಯ ಕೈದಿಗಳ ಬಿಡುಗಡೆ, ಯಾವ ಒಂದು ಪಕ್ಷಕ್ಕೂ ವಿಶೇಷ ಸೌಲಭ್ಯ ಸಲ್ಲದೆಂಬ ಆಗ್ರಹ ಅದರಲ್ಲಿದ್ದವು. ನಮ್ಮ ಚರ್ಚೆಗೆ ಮುಖ್ಯವಾದದ್ದು ಪಡಿತರವನ್ನು ಕುರಿತ ಬೇಡಿಕೆ. ದುಡಿಯುವವರೆಲ್ಲರಿಗೂ ಸಮಾನ ಪಡಿತರ ದೊರೆಯಬೇಕು. ಆರೋಗ್ಯಕ್ಕೆ ಹಾನಿಕರವಾದ ಕೆಲಸದಲ್ಲಿ ತೊಡಗಿದವರಿಗೆ ಮಾತ್ರ ವಿನಾಯಿತಿ ಎಂದು ಅದು ಕೇಳಿತ್ತು. ಹಾಲು–ಸೇಬುಗಳ ಪ್ರಸಂಗ ಏಕೆ ಕ್ರಾನ್‌ಸ್ಟಾಟ್ ಆಗಬಲ್ಲುದು ಎಂಬುದಕ್ಕೆ ಇಲ್ಲಿ ಒಂದು ಬೆಳಕಿದೆ. ನಾವಿಕರು ಎಲ್ಲ ಬಗೆಯ ವ್ಯತ್ಯಾಸವನ್ನೂ ನಿರಾಕರಿಸಲಿಲ್ಲ. ಮೈಯನ್ನು ಸವೆಸುವ ದುಡಿಮೆಗೆ ಹೆಚ್ಚಿನ ಅನ್ನ ನ್ಯಾಯವೆಂದು ಒಪ್ಪಿದರು. ಆಳುವ ಕಾರಣಕ್ಕಾಗಿಯೇ ಹೆಚ್ಚಿನ ಅನ್ನ ಎಂಬುದನ್ನು ಅವರು ಒಪ್ಪಲಿಲ್ಲ. ಸ್ಕ್ವೀಲರ್‌ನ ತರ್ಕ ಇದರ ನೇರ ತಲೆಕೆಳಗು.

ಸ್ಕ್ವೀಲರ್‌ನ ಎರಡನೆಯ ಸಮರ್ಥನೆಗೂ ಚರಿತ್ರೆಯಲ್ಲಿ ಜೋಡಿಯಿದೆ. ಕೋಟೆಯಲ್ಲಿ ಕೊಜ್ಲೋವ್‌ಸ್ಕಿ ಎಂಬ, ಹಿಂದೆ ತ್ಸಾರ್ ಸೈನ್ಯದಲ್ಲಿದ್ದ ಸೇನಾನಿಯೊಬ್ಬನಿದ್ದನು. ಇಡೀ ದಂಗೆ ಅವನದೇ ಸಂಚು, ಹಳೆಯ ಒಡೆಯರು ಮರಳಿ ಬರುತ್ತಿದ್ದಾರೆ ಎಂದು ಸರ್ಕಾರ ಸಾರಿತು. ಅವನನ್ನು ಫಿರಂಗಿ ತಜ್ಞನಾಗಿ ಸೇವೆಯಲ್ಲಿರಿಸಿಕೊಂಡಿದ್ದುದು ಅದೇ ಸರ್ಕಾರ. ಮಾರ್ಚ್ 5ರಂದು ಶರಣಾಗತಿಯ ಆದೇಶ ಹೊರಟಿತು. 7ರಂದು ದಾಳಿ ಆರಂಭವಾಗಿ, ಕೆಂಪುಸೇನೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಕೋಟೆಯತ್ತ ಸಾಗಿತು. ಮಾರ್ಚ್ 18ಕ್ಕೆ ಎಲ್ಲವೂ ಮುಗಿಯಿತು. ಸುಮಾರು 8,000 ಮಂದಿ ಹಿಮದ ಮೇಲೆ ಫಿನ್ಲೆಂಡಿಗೆ ಓಡಿದರು. ಸೆರೆಸಿಕ್ಕವರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ಆ ದಿನ ಪ್ಯಾರಿಸ್ ಕಮ್ಯೂನ್‌ನ ಐವತ್ತನೆಯ ವಾರ್ಷಿಕ ದಿನವೂ ಆಗಿತ್ತು.

ಈ ಹೊತ್ತಿಗೆ ಸರ್ಕಾರದ ಮುಖ್ಯಸ್ಥ ಲೆನಿನ್, ಯುದ್ಧಖಾತೆಯ ಹೊಣೆ ಟ್ರಾಟ್‌ಸ್ಕಿಯದು. ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದದ್ದು ಮರುವರ್ಷ, 1922ರ ಏಪ್ರಿಲಿನಲ್ಲಿ. ಹೀಗಿರುವಾಗ ತಿರುವಿನ ಗಳಿಗೆಯನ್ನು ಕ್ರಾನ್‌ಸ್ಟಾಟ್‌ನಲ್ಲಿ ಗುರುತಿಸಿದ ಲೇಖಕ ಒಬ್ಬ ನಾಯಕನ ಪರವಾಗಿ ಇನ್ನೊಬ್ಬನನ್ನು ದೂರುತ್ತಿಲ್ಲ. ಹಾಲಿನ ವಿಷಯದಲ್ಲಿ ಸ್ನೋಬಾಲ್‌ನೂ ಒಪ್ಪಿದ್ದನೆಂಬ ಆ ಒಂದು ವಾಕ್ಯದ ಚಾರಿತ್ರಿಕ ಭಾರ ಇದೇ.

ಈ ಭಾರವನ್ನು ಗ್ರಹಿಸಲು ದೊಡ್ಡ ಓದುಗರಿಗೂ ಕಷ್ಟವಾಯಿತು. 1944ರ ಫೆಬ್ರವರಿಯಲ್ಲಿ ಬರೆದು ಮುಗಿಸಿದ ಕೃತಿಯನ್ನು, ಸೋವಿಯತ್ ದೇಶ ಬ್ರಿಟನ್ನಿನ ಮಿತ್ರನಾಗಿದ್ದ ಆ ದಿನಗಳಲ್ಲಿ, ಹಲವು ಪ್ರಕಾಶಕರು ನಿರಾಕರಿಸಿದರು. ಫೇಬರ್ ಸಂಸ್ಥೆಯ ಪರವಾಗಿ ಅದೇ ಜುಲೈನಲ್ಲಿ ಪತ್ರ ಬರೆದ ಕವಿ ಟಿ. ಎಸ್. ಎಲಿಯಟ್ ಕೃತಿಯ ಕುಶಲತೆಯನ್ನು ಮೆಚ್ಚಿಯೂ ಒಂದು ಆಕ್ಷೇಪ ಎತ್ತಿದನು: ಹಂದಿಗಳು ಉಳಿದವುಗಳಿಗಿಂತ ಬುದ್ಧಿವಂತ ಪ್ರಾಣಿಗಳು, ಆಳಲು ಅರ್ಹವಾದವು, ಆದ್ದರಿಂದ ಬೇಕಾಗಿದ್ದುದು ಲೋಕಹಿತದ ಮನಸ್ಸುಳ್ಳ ಹಂದಿಗಳು ಎಂಬುದು ಅದರ ಸಾರ. ಬುದ್ಧಿಯೇ ಅರ್ಹತೆ ಎಂಬ ಸ್ಕ್ವೀಲರ್‌ನ ಮೊದಲ ಸಮರ್ಥನೆ ಇಲ್ಲಿ ವಿಮರ್ಶಕನ ವಾದವಾಗಿ ಮರಳಿ ಬಂದಿದೆ. ಕೃತಿ ಕೊನೆಗೆ 1945ರ ಆಗಸ್ಟ್ 17ರಂದು ಸೆಕರ್ ಅಂಡ್ ವಾರ್ಬರ್ಗ್ ಸಂಸ್ಥೆಯಿಂದ ಪ್ರಕಟವಾಯಿತು.

ಅಚ್ಚಿಗೆ ಹೋಗುವ ಮುನ್ನ ಆರ್ವೆಲ್ ಒಂದು ತಿದ್ದುಪಡಿ ಮಾಡಿದನು. ಗಾಳಿಯಂತ್ರ ಸ್ಫೋಟಿಸಿದಾಗ ನೆಪೋಲಿಯನ್ ಸಹಿತ ಎಲ್ಲರೂ ನೆಲಕ್ಕೆ ಬಿದ್ದರೆಂದು ಮೊದಲು ಇದ್ದುದನ್ನು, ನೆಪೋಲಿಯನ್‌ನನ್ನು ಬಿಟ್ಟು ಉಳಿದವರೆಲ್ಲ ಎಂದು ಬದಲಿಸಿದನು. ಜರ್ಮನ್ ಸೈನ್ಯ ಸಮೀಪಿಸಿದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಹೋಗಲಿಲ್ಲವಾದ್ದರಿಂದ ಅವನಿಗೆ ಅನ್ಯಾಯವಾಗಬಾರದೆಂಬುದು ಕಾರಣ. ದೋಷ ಹೇಡಿತನದಲ್ಲಿಲ್ಲ, ವ್ಯಕ್ತಿಯ ಸ್ವಭಾವದಲ್ಲಿಯೂ ಇಲ್ಲ. ಲೆಕ್ಕ ಕೇಳುವವರಿಲ್ಲದ ಸ್ಥಾನದಲ್ಲಿದೆ ಎಂಬ ನಿಲುವಿಗೆ ಈ ತಿದ್ದುಪಡಿ ಹೊಂದಿಕೆಯಾಗುತ್ತದೆ.

ಲೆಕ್ಕ ಕೇಳಲು ಓದಬೇಕು, ನೆನಪಿಡಬೇಕು. ಗೋಡೆಯ ಮೇಲಿನ ಏಳು ಕಟ್ಟಳೆಗಳು ಒಂದೊಂದಾಗಿ ಬದಲಾಗುವಾಗ ದುಡಿಮೆಗಾರ ಕುದುರೆ ಬಾಕ್ಸರ್‌ಗೆ ನಾಲ್ಕೇ ಅಕ್ಷರ ಬರುತ್ತವೆ. ಕ್ಲೋವರ್‌ಗೆ ಅಕ್ಷರ ಬಂದರೂ ಪದ ಕೂಡಿಸಲಾಗುವುದಿಲ್ಲ. ಬೆಂಜಮಿನ್ ಎಂಬ ಕತ್ತೆ ಚೆನ್ನಾಗಿ ಓದಬಲ್ಲದು, ಆದರೆ ಓದಲೊಲ್ಲದು. ಮೂರೂ ಬಗೆಯ ಮೌನ ಆಳುವವರಿಗೆ ಒಂದೇ ಬಗೆಯ ಸಹಾಯ ಮಾಡುತ್ತದೆ.

ಆದರೆ ಕಥೆಗೂ ಚರಿತ್ರೆಗೂ ಒಂದು ಮುಖ್ಯ ಅಂತರವಿದೆ. ಕಥೆಯಲ್ಲಿ ಹಾಲಿನ ಗಳಿಗೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಕ್ರಾನ್‌ಸ್ಟಾಟ್‌ನಲ್ಲಿ ನಿಂತರು, ಆದರೂ ಸೋತರು. ಹಾಗಾದರೆ ಆರ್ವೆಲ್‌ನ ನಂಬಿಕೆ ಹುಸಿಯೆ? ಉತ್ತರ ಅದೇ ಅಧ್ಯಾಯದಲ್ಲಿದೆ. ನೆಪೋಲಿಯನ್ ಒಂಬತ್ತು ನಾಯಿಮರಿಗಳನ್ನು ತಾಯಂದಿರಿಂದ ಬೇರ್ಪಡಿಸಿ ಅಟ್ಟದ ಮೇಲೆ ಗುಟ್ಟಾಗಿ ಸಾಕತೊಡಗುವುದೂ ಹಾಲಿನ ಗುಟ್ಟು ಬಯಲಾಗುವುದೂ ಒಂದರ ಬೆನ್ನಿಗೊಂದು ಬರುತ್ತವೆ. ಆ ಹೊತ್ತಿಗೆ ಅವು ಇನ್ನೂ ಮರಿಗಳು. ರಷ್ಯಾದಲ್ಲಿ ‘ಚೆಕಾ’ ಎಂಬ ರಹಸ್ಯ ಪೊಲೀಸ್ ಪಡೆ ಹುಟ್ಟಿದ್ದು 1917ರ ಡಿಸೆಂಬರಿನಲ್ಲಿ. ನಾವಿಕರು ಪ್ರಶ್ನೆ ಕೇಳುವ ವೇಳೆಗೆ ಅದಕ್ಕೆ ಮೂರು ವರ್ಷ ತುಂಬಿತ್ತು. ಕ್ರಾನ್‌ಸ್ಟಾಟ್‌ನ ಪ್ರಶ್ನೆ ಸರಿಯಾದದ್ದೇ, ಕೇಳಿದವರೂ ಧೀರರೇ. ಆದರೆ ನಾಯಿಗಳು ಅಷ್ಟರಲ್ಲಿ ಬೆಳೆದಿದ್ದವು. ಹಾಲಿನ ಲೆಕ್ಕವನ್ನು ಹಾಲು ಕಾಣೆಯಾದ ಸಂಜೆಯೇ ಕೇಳಬೇಕು.