ನಂದಿದುರ್ಗ ಮತ್ತು ಸಾವನದುರ್ಗ: ವಿಹಾರಗಿರಿಯ ಆಯ್ಕೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಬೇಸಗೆಯ ರಜೆಯ ಕೆಲವು ದಿನಗಳನ್ನಾದರೂ ಬೆಟ್ಟದ ಮೇಲೆ ಕಳೆಯಬೇಕೆಂಬ ಅಪೇಕ್ಷೆ ಇಂದು ಸರ್ವಸಾಧಾರಣವಾಗಿದೆ. ಎರಡು ಬೆಟ್ಟಗಳಲ್ಲಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಎದುರಾದಾಗ ದೂರ, ವೆಚ್ಚ, ತಂಪು, ವಸತಿ ಇವುಗಳನ್ನು ತೂಗಿನೋಡಿ ಸ್ವತಂತ್ರವಾಗಿ ನಿರ್ಧರಿಸುತ್ತೇವೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಬೆಟ್ಟದ ನೆತ್ತಿಯವರೆಗೆ ದಾರಿಯೂ ಅಲ್ಲಿ ತಂಗುವ ಮನೆಯೂ ಇದ್ದು, ಅಷ್ಟೇ ದೂರದ ಇನ್ನೊಂದು ಬೆಟ್ಟದ ಮೇಲೆ ಇವೆರಡೂ ಇಲ್ಲದಿರುವುದು ಆಕಸ್ಮಿಕವಲ್ಲ. ನಾವು ಆರಿಸುವುದಕ್ಕೆ ಮೊದಲೇ ನಮ್ಮ ಪರವಾಗಿ ಬೇರೆ ಯಾರೋ ಆರಿಸಿಟ್ಟಿದ್ದಾರೆ. ಆ ಹಳೆಯ ಆಯ್ಕೆ ಹೇಗೆ ನಡೆಯಿತು, ಅದರ ಫಲವೇನಾಯಿತು ಎಂಬುದನ್ನು ಬೆಂಗಳೂರಿನ ಸಮೀಪದ ಎರಡು ಗಿರಿದುರ್ಗಗಳ ಉದಾಹರಣೆಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣಗಳ ಸೀಮೆ ಬೆಟ್ಟಗಳ ಸೀಮೆ. ಮಾಗಡಿಯ ಬಳಿ ಸಾವನದುರ್ಗ, ರಾಮನಗರದ ಮಗ್ಗುಲಲ್ಲಿ ರಾಮಗಿರಿ, ಕನಕಪುರ ತಾಲ್ಲೂಕಿನಲ್ಲಿ ಕಬ್ಬಾಳದುರ್ಗ ಮತ್ತು ಬಿಳಿಕಲ್ ರಂಗಸ್ವಾಮಿ ಬೆಟ್ಟ, ಹೀಗೆ ಕಣ್ಣು ಹಾಯಿಸಿದೆಡೆಯಲ್ಲೆಲ್ಲ ಬಂಡೆಗಳು ತಲೆಯೆತ್ತಿ ನಿಂತಿವೆ. ಈ ಭಾಗದ ಶಿಲೆಗೆ ಭೂವಿಜ್ಞಾನಿಗಳು ಕೊಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್; ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರನ್ನು ಹೊತ್ತಿದ್ದ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ. ಇಷ್ಟು ಬೆಟ್ಟಗಳಿದ್ದರೂ ಬೆಂಗಳೂರಿನ ಆಂಗ್ಲ ಅಧಿಕಾರಿಗಳು ತಮ್ಮ ವಿಶ್ರಾಂತಿಗಾಗಿ ಇವುಗಳಲ್ಲಿ ಒಂದನ್ನೂ ಆರಿಸಲಿಲ್ಲ. ಅವರು ಉತ್ತರಕ್ಕೆ ತಿರುಗಿ ನಂದಿದುರ್ಗಕ್ಕೆ ಹೋದರು. ಏಕೆ?

1

ಮೊದಲು ಎರಡು ದುರ್ಗಗಳ ಸಾಮ್ಯವನ್ನು ಗಮನಿಸಬೇಕು. ನಂದಿದುರ್ಗವು ಬೆಂಗಳೂರಿನಿಂದ ಸುಮಾರು 60 ಕಿ.ಮೀ., ಸಾವನದುರ್ಗವು ಸುಮಾರು 50 ಕಿ.ಮೀ. ದೂರದಲ್ಲಿವೆ. ಎರಡೂ ಕಲ್ಲಿನ ಕೋಟೆಗಳು. ಎರಡಕ್ಕೂ ದೇವಾಲಯಗಳ ಆಶ್ರಯವಿದೆ. ನಂದಿಯ ತಪ್ಪಲಿನ ಭೋಗನಂದೀಶ್ವರ ದೇವಾಲಯದ ಪ್ರಾಚೀನತೆ 9ನೆಯ ಶತಮಾನಕ್ಕೆ ಹೋಗುತ್ತದೆ. ನೆತ್ತಿಯ ಮೇಲೆ ಯೋಗನಂದೀಶ್ವರನಿದ್ದಾನೆ. ಸಾವನದುರ್ಗದ ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಈ ದುರ್ಗವನ್ನು 16ನೆಯ ಶತಮಾನದಲ್ಲಿ ವಿಜಯನಗರದ ಅಧಿಕಾರಿಯಾದ ಸಾಮಂತರಾಯನು ಬಲಪಡಿಸಿದನೆಂದೂ, ಆತನಿಂದಲೇ ಇದಕ್ಕೆ ಸಾಮಂತದುರ್ಗವೆಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಬಳಿಕ ಇದು ಮಾಗಡಿಯ ಕೆಂಪೇಗೌಡರ ಮನೆತನದ ಕೈಸೇರಿ, 1728ರಲ್ಲಿ ಮೈಸೂರಿನ ವಶವಾಯಿತು.

ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆ ಎರಡನ್ನೂ ಒಂದೇ ವರ್ಷ ಹಿಡಿಯಿತು. ನಂದಿದುರ್ಗ 1791ರ ಅಕ್ಟೋಬರ್ 19ರಂದು ಬಿದ್ದಿತು. ಸಾವನದುರ್ಗ ಅದೇ ವರ್ಷದ ಡಿಸೆಂಬರ್ 21ರಂದು ಬಿದ್ದಿತು. ತಿಂಗಳು ಮುಗಿಯುವುದರೊಳಗೆ ರಾಮಗಿರಿ, ಹುತ್ರಿದುರ್ಗಗಳೂ ಅದೇ ದಾರಿ ಹಿಡಿದವು. ಆದುದರಿಂದ ಆಂಗ್ಲರಿಗೆ ಒಂದು ದುರ್ಗ ಪರಿಚಿತ, ಇನ್ನೊಂದು ಅಪರಿಚಿತ ಎಂದು ವಾದಿಸಲು ಬರುವುದಿಲ್ಲ. ಸಾವನದುರ್ಗದ ಭವ್ಯತೆಯನ್ನು ಅವರ ಕಡೆಯ ಚಿತ್ರಕಾರರೂ ಬರೆದುಕೊಂಡರು. ನೋಡಿ ಮೆಚ್ಚಿದ ಬೆಟ್ಟವನ್ನು ವಾಸಕ್ಕೆ ಮಾತ್ರ ಒಲ್ಲೆನೆಂದರು.

2

ಆಯ್ಕೆಗೆ ತಂಪೇ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ಇದನ್ನು ಅಂಕಿಗಳಿಂದ ಪರೀಕ್ಷಿಸಬಹುದು. ಸಾವಿರ ಅಡಿ ಏರಿದಂತೆ ಉಷ್ಣತೆ ಸ್ಥೂಲವಾಗಿ 2 ಡಿಗ್ರಿ ಸೆಂಟಿಗ್ರೇಡ್ ಇಳಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ನಂದಿದುರ್ಗದ ಎತ್ತರ 4,851 ಅಡಿ, ಸಾವನದುರ್ಗದ್ದು 4,024 ಅಡಿ. ಈ ಲೆಕ್ಕದಂತೆ ನಂದಿಯ ಮೇಲೆ ಬೆಂಗಳೂರಿಗಿಂತ ಮೂರೂವರೆ ಡಿಗ್ರಿಗೆ ಮಿಕ್ಕ ತಂಪೂ, ಸಾವನದುರ್ಗದ ಮೇಲೆ ಸುಮಾರು ಎರಡು ಡಿಗ್ರಿಯ ತಂಪೂ ದೊರೆಯಬೇಕು. ಎರಡರ ನಡುವಣ ಅಂತರ ಎರಡು ಡಿಗ್ರಿಯೂ ಇಲ್ಲ. ನಿಜವಾದ ಚಳಿಯನ್ನು ಬಯಸಿದವನು ಇವೆರಡನ್ನೂ ಬಿಟ್ಟು, 7,300 ಅಡಿಗೂ ಎತ್ತರದಲ್ಲಿರುವ ಉದಕಮಂಡಲಕ್ಕೆ ಹೋಗಬೇಕಾಗಿತ್ತು. ಅನೇಕರು ಹೋಗುತ್ತಲೂ ಇದ್ದರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ನನು 1819ರಲ್ಲಿ ನೀಲಗಿರಿಯನ್ನೇರಿ, ಕೆಲವೇ ವರ್ಷಗಳಲ್ಲಿ ಅಲ್ಲಿ ಮನೆ ಕಟ್ಟಿಸಿದ್ದನು. ಮುಂದೆ ಮದರಾಸಿನ ಸರ್ಕಾರವೇ ಬೇಸಗೆಯಲ್ಲಿ ಅಲ್ಲಿಗೆ ಹೋಗತೊಡಗಿತು. ಮೈಸೂರಿನ ಅರಸರೂ ಅಲ್ಲಿ ಫರ್ನ್‌ಹಿಲ್ ಅರಮನೆಯನ್ನು ಹೊಂದಿದರು.

ಆದರೆ ಉದಕಮಂಡಲ ತಿಂಗಳುಗಟ್ಟಲೆಯ ರಜೆಗೆ ಒಪ್ಪುವ ಸ್ಥಳ. ಅಲ್ಲಿಗೆ ಪರ್ವತರೈಲು ಮುಟ್ಟಿದ್ದು 1908ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿನಿಂದ ಹೊರಟವನಿಗೆ ಹೋಗಿಬರುವುದರಲ್ಲಿಯೇ ರಜೆ ಸವೆಯುತ್ತಿತ್ತು. ದಿನಂಪ್ರತಿ ಕಾಗದಪತ್ರಗಳನ್ನು ನೋಡಬೇಕಾದ ಆಡಳಿತಗಾರನಿಗೆ ಕಚೇರಿಯಿಂದ ಹತ್ತಿರದಲ್ಲಿರುವ ಬೆಟ್ಟವೊಂದು ಬೇಕಾಗಿತ್ತು. ಆದುದರಿಂದ ನಿಜವಾದ ಸ್ಪರ್ಧೆ ಬೆಂಗಳೂರಿನ ಸುತ್ತಣ ಬೆಟ್ಟಗಳ ನಡುವೆಯೇ ಇತ್ತೆಂದು ತಿಳಿಯಬೇಕು.

ರೈಲು ಮಾರ್ಗವೇ ನಂದಿಯನ್ನು ಗೆಲ್ಲಿಸಿತೆಂಬ ಊಹೆಯೂ ನಿಲ್ಲುವುದಿಲ್ಲ. ಬೆಂಗಳೂರು–ಮೈಸೂರು ಮಾರ್ಗವು 1881–82ರ ವೇಳೆಗೆ ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೂಲಕ ಹಾದುಹೋಯಿತು. ನಂದಿಯ ಬುಡಕ್ಕೆ ಚಿಕ್ಕಬಳ್ಳಾಪುರದ ಕಿರಿದಾದ ರೈಲು ಬಂದುದು 20ನೆಯ ಶತಮಾನದ ಎರಡನೆಯ ದಶಕದಲ್ಲಿ. ಎಂದರೆ ರಾಮನಗರದ ಬೆಟ್ಟಗಳಿಗೆ ರೈಲಿನ ಸೌಕರ್ಯ ಒಂದು ತಲೆಮಾರಿನಷ್ಟು ಮೊದಲೇ ಒದಗಿತ್ತು. ಆದರೂ ಅವು ವಿಹಾರಸ್ಥಳಗಳಾಗಲಿಲ್ಲ. ರೈಲು ಬರುವ ವೇಳೆಗಾಗಲೇ ತೀರ್ಮಾನ ಮುಗಿದುಹೋಗಿತ್ತು.

3

ತೀರ್ಮಾನದ ಕಾಲ 19ನೆಯ ಶತಮಾನದ ನಡುಭಾಗ. 1831ರಲ್ಲಿ ಆಂಗ್ಲ ಸರ್ಕಾರವು ಮೈಸೂರಿನ ಆಡಳಿತವನ್ನು ತಾನೇ ವಹಿಸಿಕೊಂಡಿತು. ಅಧಿಕಾರದ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಬಂದಿತು. 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ನಂದಿಯ ನೆತ್ತಿಯಲ್ಲಿ ತನಗೊಂದು ಮನೆ ಕಟ್ಟಿಸಿಕೊಂಡನು. ಒಬ್ಬನೇ ಅಧಿಕಾರಿ ಕಾಲು ಶತಮಾನಕ್ಕೂ ಮಿಕ್ಕು ಒಂದೇ ಹುದ್ದೆಯಲ್ಲಿದ್ದು ಒಂದೇ ಬೆಟ್ಟವನ್ನು ಮೆಚ್ಚಿಕೊಂಡರೆ, ಆ ವೈಯಕ್ತಿಕ ರುಚಿ ಕ್ರಮೇಣ ಸರ್ಕಾರದ ಪದ್ಧತಿಯಾಗುತ್ತದೆ. ದೊಡ್ಡವನು ಹೋದ ಕಡೆಗೆ ಕಾಗದ ಹೋಗಬೇಕು, ಹಾಲು ತರಕಾರಿ ಹೋಗಬೇಕು. ಇವುಗಳಿಗಾಗಿ ದಾರಿ ಸರಿಯಾಗಬೇಕು. ದಾರಿ ಸರಿಯಾದ ಮೇಲೆ ಎರಡನೆಯ ಮನೆ, ಮೂರನೆಯ ಮನೆ ಏಳುವುದು ಸುಲಭ.

ಆದರೆ ಕಬ್ಬನ್ನನು ನಂದಿಯನ್ನೇ ಏಕೆ ಮೆಚ್ಚಿದನು? ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದೆಂದು ತೋರುತ್ತದೆ.

ಮೊದಲನೆಯದು ನೆತ್ತಿಯ ರೂಪ. ನಂದಿಯ ಮೇಲ್ಭಾಗ ವಿಶಾಲವಾಗಿ ಹರಡಿದೆ; ಮಣ್ಣಿದೆ, ಮರಗಳಿವೆ, ಅಮೃತಸರೋವರವೆಂಬ ಕೊಳವಿದೆ. ಮನೆಗೆ ತಳಹದಿಯೂ ತೋಟಕ್ಕೆ ನೆಲವೂ ಅಲ್ಲಿ ದೊರೆಯುತ್ತವೆ. ಟಿಪ್ಪುವೂ ಬೇಸಗೆಯಲ್ಲಿ ಇಲ್ಲಿ ತಂಗುತ್ತಿದ್ದನೆಂದು ಪ್ರತೀತಿಯಿದೆ. ಅವನದೆಂದು ಹೇಳುವ ಬಿಡದಿಯೂ ಬೆಟ್ಟದ ಮೇಲಿದೆ. ಸಾವನದುರ್ಗವಾದರೋ ಏಷ್ಯಾದ ಅತ್ಯಂತ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಹೆಸರಾದ ಬೋಳುಬಂಡೆ. ಕರಿಗುಡ್ಡ, ಬಿಳಿಗುಡ್ಡಗಳೆಂಬ ಎರಡು ಶಿಖರಗಳ ನಡುವೆ ಕಮರಿ; ಇಕ್ಕೆಲಗಳಲ್ಲಿ ಜಾರುವ ಕಲ್ಲು. ಕಾವಲುಗಾರನಿಗೆ ಒದಗುವ ಈ ಗುಣವೇ ವಿಶ್ರಾಂತಿ ಬಯಸುವವನಿಗೆ ಅವಗುಣ.

ಎರಡನೆಯದು ಜ್ವರದ ಭಯ. ಸಾವನದುರ್ಗದ ಸುತ್ತ ದಟ್ಟವಾದ ಬಿದಿರುಮೆಳೆಯೂ ಕಾಡೂ ಹಬ್ಬಿದ್ದವು. ಕಾರ್ನ್‌ವಾಲಿಸನು ಮುತ್ತಿಗೆ ಹಾಕಿದಾಗ, ಅರ್ಧ ಸೈನ್ಯ ರೋಗದಿಂದಲೂ ಉಳಿದರ್ಧ ಕಾಳಗದಲ್ಲಿಯೂ ನಾಶವಾಗುವುದೆಂದು ಟಿಪ್ಪು ಸಂತೋಷಪಟ್ಟನೆಂದು ಆಂಗ್ಲ ಚರಿತ್ರಕಾರರು ಬರೆದಿದ್ದಾರೆ. ಹಾಗೆ ಆಗಲಿಲ್ಲ, ದುರ್ಗ ಎರಡು ವಾರದೊಳಗೆ ಬಿದ್ದಿತು. ಆದರೂ ಕಾಡಿನ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬ ಅಂದಿನ ವೈದ್ಯಮತ ಅಳಿಯಲಿಲ್ಲ. ಮಲೇರಿಯಾ ಸೊಳ್ಳೆಯ ಮೂಲಕ ಹರಡುತ್ತದೆಂಬುದಕ್ಕೆ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಆಧಾರ ಕಂಡದ್ದು 1897ರ ಆಗಸ್ಟಿನಲ್ಲಿ. ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದ್ದ ಈ ವೈದ್ಯನು ಅದೇ ವರ್ಷ ರಜೆಯ ಮೇಲೆ ಉದಕಮಂಡಲಕ್ಕೆ ಹೋಗಿ, ಅಲ್ಲಿಂದ ಸೀಗೂರು ಘಾಟಿಗೆ ಇಳಿದಾಗ ತಾನೇ ಜ್ವರಕ್ಕೆ ತುತ್ತಾಗಿದ್ದನು. ಸೊಳ್ಳೆಯ ಪಾತ್ರ ತಿಳಿಯುವುದಕ್ಕೆ ಮೊದಲು ಜನರಿಗೆ ಗೊತ್ತಿದ್ದ ರಕ್ಷಣೆ ಒಂದೇ: ಕಾಡಿನಿಂದ ದೂರ, ನೆಲದಿಂದ ಎತ್ತರ.

ಮೂರನೆಯದು ಹೆಸರು ಮತ್ತು ನೆನಪು. ಸಾವನದುರ್ಗವೆಂಬ ಶಬ್ದದಲ್ಲಿ ಸಾವು ಎಂಬ ಕನ್ನಡ ಪದವನ್ನು ಕೇಳಿಸಿಕೊಂಡ ಆಂಗ್ಲರು ಅದನ್ನು ಮೃತ್ಯುಶಿಲೆಯೆಂದು ಅರ್ಥೈಸಿದರು. ಸಾಮಂತನ ನೆನಪು ಮರೆಯಾಗಿ ಸಾವಿನ ನೆನಪು ಮುಂದೆ ಬಂದಿತು. ಕನಕಪುರದ ಸೀಮೆಯ ನೆನಪೂ ಅವರಿಗೆ ಕಹಿಯಾಗಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ನಡೆದದ್ದು ಅಂದಿನ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವಾಗಿ. ಶತ್ರುವಿಗೆ ಕಾಳು, ಮೇವು ದೊರೆಯಬಾರದೆಂದು ಟಿಪ್ಪು ಈ ನಾಡನ್ನು ಬರಿದುಮಾಡಿಸಿದ್ದನು. ಎತ್ತುಗಳು ಸತ್ತವು, ಸೇನೆ ಮುತ್ತಿಗೆಯ ಫಿರಂಗಿಗಳನ್ನು ಒಡೆದುಹಾಕಿ ಹಿಂದಿರುಗಬೇಕಾಯಿತು. ಎರಡು ಸೇನೆಗಳ ನಡುವೆ ಸಿಕ್ಕ ಊರಿನವರ ಪಾಡು ಏನಾಗಿರಬಹುದೆಂಬುದನ್ನು ಹೇಳಬೇಕಾಗಿಲ್ಲ. ಇದೇ ತಾಲ್ಲೂಕಿನ ಕಬ್ಬಾಳದುರ್ಗ ಹೈದರ್–ಟಿಪ್ಪುಗಳ ಕಾಲದಲ್ಲಿ ಸೆರೆಮನೆಯಾಗಿತ್ತು. ಅಲ್ಲಿಯ ನೀರೂ ಗಾಳಿಯೂ ಕೊಲೆಗಾರನ ಕತ್ತಿಯ ಕೆಲಸ ಮಾಡುತ್ತವೆಂಬ ಅಪಖ್ಯಾತಿ ಗ್ಯಾಸೆಟಿಯರುಗಳಲ್ಲಿಯೂ ದಾಖಲಾಗಿದೆ. ಇಂಥ ಸೀಮೆಗೆ ಆರೋಗ್ಯವನ್ನು ಅರಸಿ ಹೋಗಲು ಯಾರ ಮನಸ್ಸು ಒಪ್ಪೀತು?

ಈ ಮೂರರಲ್ಲಿ ನೆತ್ತಿಯ ರೂಪವೊಂದೇ ಬದಲಾಗದ ಸಂಗತಿ. ಉಳಿದೆರಡು ಆ ಕಾಲದ ತಿಳಿವಳಿಕೆಯಿಂದ ಹುಟ್ಟಿದವು. ಆದರೆ ಕಾರಣ ಅಳಿದರೂ ಕಾರ್ಯ ಉಳಿಯಿತು.

4

ಒಮ್ಮೆ ಆಯ್ಕೆಗೊಂಡ ನಂದಿಗೆ ಆಯ್ಕೆಗಳ ಮೇಲೆ ಆಯ್ಕೆಗಳು ಸೇರಿದವು. 1927ರ ಮಾರ್ಚಿಯಲ್ಲಿ ಖಾದಿ ಪ್ರವಾಸದ ನಡುವೆ ಗಾಂಧೀಜಿಯವರಿಗೆ ರಕ್ತದೊತ್ತಡ ಏರಿ ಕಾಯಿಲೆಯಾಯಿತು; ವೈದ್ಯರು ತಂಪಾದ ಸ್ಥಳದಲ್ಲಿ ವಿಶ್ರಾಂತಿಯನ್ನು ವಿಧಿಸಿದರು. ಮೊದಲು ಅವರನ್ನು ಬೆಳಗಾವಿಗೆ ಸಮೀಪದ ಆಂಬೋಲಿಗೂ ಅನಂತರ ನಂದಿಗೂ ಕರೆದೊಯ್ಯಲಾಯಿತು. ಆಂಬೋಲಿಯ ಎತ್ತರ ಬೆಂಗಳೂರಿನ ಎತ್ತರಕ್ಕಿಂತಲೂ ಕಡಿಮೆ ಎಂಬುದನ್ನು ಇಲ್ಲಿ ನೆನೆಯಬಹುದು. ಏಪ್ರಿಲ್ ಉತ್ತರಾರ್ಧದಿಂದ ಜೂನ್ ಮೊದಲ ವಾರದವರೆಗೆ ಅವರು ನಂದಿಯ ಮೇಲಿದ್ದರು. 1936ರಲ್ಲಿ ಮತ್ತೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಸಮ್ಮೇಳನ ನಡೆದಾಗ ರಾಷ್ಟ್ರನಾಯಕರ ಏಕಾಂತ ಸಮಾಲೋಚನೆಗೂ ನಂದಿಯೇ ಗೊತ್ತಾಯಿತು. ಕಮಿಷನರನ ಮನೆಯಿಲ್ಲದಿದ್ದರೆ ಮಹಾತ್ಮರಿಗೆ ವಸತಿಯಿಲ್ಲ. ಮಹಾತ್ಮರ ವಾಸವಿಲ್ಲದಿದ್ದರೆ ಬೆಟ್ಟಕ್ಕೆ ಆ ಖ್ಯಾತಿಯಿಲ್ಲ.

ಇತ್ತ ನಮ್ಮ ಸೀಮೆಯ ಬೆಟ್ಟಗಳು ಬೇರೊಂದು ರೀತಿಯಲ್ಲಿ ಉಳಿದವು. ಇಲ್ಲಿಯ ಜನ ಬೆಟ್ಟಕ್ಕೆ ಹೋಗುತ್ತಿದ್ದುದು ಹವಾ ಬದಲಾವಣೆಗಾಗಿ ಅಲ್ಲ, ಹರಕೆಗಾಗಿ, ಜಾತ್ರೆಗಾಗಿ. ಕಬ್ಬಾಳಮ್ಮನಿಗೂ ಸಾವನದುರ್ಗದ ನರಸಿಂಹನಿಗೂ ನಡೆದುಕೊಳ್ಳುವ ಒಕ್ಕಲುಗಳು ಇಂದಿಗೂ ಇವೆ. ಬಂಗಲೆಗಳು ಏಳದ ಕಾರಣ ಬಂಡೆಯ ಬಿರುಕುಗಳಲ್ಲಿ ರಣಹದ್ದುಗಳು ಗೂಡು ಕಟ್ಟಿಕೊಂಡವು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಪಖ್ಯಾತಿಯೇ ಕೆಲವೊಮ್ಮೆ ಕಾವಲಾಗುತ್ತದೆ. ಆದರೆ ಅದನ್ನು ಕೇವಲ ಲಾಭವೆಂದು ಬಗೆಯಲಾಗದು. ವಿಹಾರಗಿರಿಗೆ ಬಂದ ದಾರಿ, ನೀರು, ಜೀವನೋಪಾಯಗಳು ಈ ಬೆಟ್ಟಗಳ ಬುಡದ ಹಳ್ಳಿಗಳಿಗೆ ಆ ಕಾಲದಲ್ಲಿ ಬರಲಿಲ್ಲ; ಇಲ್ಲಿಯ ಕಲ್ಲಿಗೆ ಬೆಲೆ ಬಂದುದು ಹೆಚ್ಚಾಗಿ ಅದನ್ನು ಒಡೆದು ಸಾಗಿಸುವವರಿಂದ.

5

ಎರಡು ದುರ್ಗಗಳನ್ನು ಬೇರೆ ಬೇರೆಯಾಗಿ ನೋಡುವುದು ವಿವೇಚನೆಗೆ ಅನುಕೂಲವಾದರೂ ಪ್ರಕೃತಿಯಲ್ಲಿ ಅವು ಬೇರೆಯಲ್ಲ. ಕನಕಪುರದ ಮಗ್ಗುಲಲ್ಲಿ ಹರಿಯುವ ಅರ್ಕಾವತಿ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿ. ಅದು ಮಾಗಡಿಯ ಸೀಮೆಯನ್ನು ಹಾಯ್ದು, ರಾಮನಗರವನ್ನು ಮುಟ್ಟಿ, ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 1894ರಲ್ಲಿ ಹೆಸರಘಟ್ಟದಲ್ಲಿಯೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಇದರ ನೀರನ್ನು ಬೆಂಗಳೂರಿಗಾಗಿ ಹಿಡಿದರು. ತಿಪ್ಪಗೊಂಡನಹಳ್ಳಿಯ ಜಲಾನಯನದಲ್ಲಿ ಕಟ್ಟಡಗಳನ್ನು ನಿಯಂತ್ರಿಸಲು ಸರ್ಕಾರ 2003ರಲ್ಲಿ ಆಜ್ಞೆ ಹೊರಡಿಸಬೇಕಾಗಿ ಬಂದಿತೆಂಬುದರಿಂದ ನದಿಯ ಸ್ಥಿತಿಯನ್ನು ಊಹಿಸಬಹುದು. ಮೇಲೆ ನಂದಿಯ ಇಳಿಜಾರಿನಲ್ಲಿ ವಿಹಾರಿಗಳ ದಟ್ಟಣೆಗಾಗಿ ನೆಲ ಕಲ್ಲುಗಾರೆಯಾದರೆ, ಅದರ ಪರಿಣಾಮವನ್ನು ಕಾಣುವವರು ಕೆಳಗಿನ ಹೊಳೆಯವರು. ಆದುದರಿಂದ ಬೆಂಗಳೂರಿನವನ ರಜೆಯ ಪ್ರಶ್ನೆ ಕನಕಪುರದವನ ನೀರಿನ ಪ್ರಶ್ನೆಯೂ ಹೌದು.

ಇಂದು ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ವಾರಾಂತ್ಯದಲ್ಲಿ ಚಾರಣಿಗರು ಬರುತ್ತಿದ್ದಾರೆ. ಜ್ವರದ ಭಯ ಹೋಗಿದೆ. ಹೆಸರಿನ ಭಯವೂ ಹೋಗಿದೆ. ಹಿಂದಿನವರ ಆಯ್ಕೆ ಒಬ್ಬ ಅಧಿಕಾರಿಯ ಅನುಕೂಲಕ್ಕೆ ತಕ್ಕಂತೆ ನಡೆಯಿತು. ಬೆಟ್ಟದ ಬುಡದವರನ್ನು ಯಾರೂ ಕೇಳಲಿಲ್ಲ. ಈಗ ನಮ್ಮ ಸೀಮೆಯ ಬೆಟ್ಟಗಳ ಸರದಿ ಬಂದಿರುವಾಗ ಆ ಲೋಪವನ್ನು ಮರುಕಳಿಸದಿರುವುದು ಸಾಧ್ಯವಿದೆ. ಅದಕ್ಕೆ ಬೇಕಾದ ಮೊದಲ ಸಾಮಗ್ರಿ ಸ್ಥಳೀಯ ಚರಿತ್ರೆ. ಪ್ರತಿಯೊಂದು ಬೆಟ್ಟದ ಕೋಟೆ, ಕೊಳ, ಗುಡಿ, ಕಾಲುದಾರಿ, ಗೋಮಾಳ, ಜಾತ್ರೆಯ ದಿನ ಇವುಗಳನ್ನು ಈ ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಬರೆದಿಡತಕ್ಕದ್ದು. ದಾರಿಯನ್ನು ಎಲ್ಲಿಯವರೆಗೆ ಒಯ್ಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯೋಜಿಸುವವರ ಕೈಯಲ್ಲಿ ಅಂಥ ದಾಖಲೆಯೊಂದು ಮುಂಚಿತವಾಗಿಯೇ ಇರುವುದು ಯುಕ್ತ.