ಅನಿಲ ಕ್ರಿಯೆಗಳ ಸಮತೋಲನ ಸ್ಥಿರಾಂಕಗಳ ಪರಿವರ್ತನೆ

ಅನಿಲ ಸ್ಥಿತಿಯ ರಾಸಾಯನಿಕ ಕ್ರಿಯೆಯ ಸಮತೋಲನವನ್ನು ಆಂಶಿಕ ಒತ್ತಡಗಳಲ್ಲಿ ಸೂಚಿಸುವ ಸ್ಥಿರಾಂಕ ಕೆಪಿ. ಮೋಲಾರ್ ಸಾರತೆಗಳಲ್ಲಿ ಸೂಚಿಸುವುದು ಕೆಸಿ. ಆದರ್ಶ ಅನಿಲದ ಆಂಶಿಕ ಒತ್ತಡವು ಅದರ ಸಾರತೆ, ಅನಿಲ ಸ್ಥಿರಾಂಕ (ಆರ್) ಮತ್ತು ಕೆಲ್ವಿನ್ ತಾಪಮಾನ (ಟಿ) ಇವುಗಳ ಗುಣಲಬ್ಧ. ಆದ್ದರಿಂದ ಆರ್‌ಟಿಯನ್ನು ಡೆಲ್ಟಾ-ಎನ್ ಘಾತಕ್ಕೇರಿಸಿ ಕೆಸಿಯಿಂದ ಗುಣಿಸಿದರೆ ಕೆಪಿ ದೊರೆಯುತ್ತದೆ. ಡೆಲ್ಟಾ-ಎನ್ ಎಂದರೆ ಅನಿಲ ಉತ್ಪನ್ನಗಳ ಮೋಲ್‌ಗಳಿಂದ ಅನಿಲ ಪ್ರತಿವರ್ತಕಗಳ ಮೋಲ್‌ಗಳನ್ನು ಕಳೆದ ಸಂಖ್ಯೆ. ಘನ ಮತ್ತು ದ್ರವ ಪದಾರ್ಥಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಮಂಗಳೂರು ಸಮೀಪದ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯಲ್ಲಿ ಯೂರಿಯಾ ತಯಾರಿಕೆಗೆ ಬೇಕಾಗುವ ಅಮೋನಿಯಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1 ಮೋಲ್ ಸಾರಜನಕವು 3 ಮೋಲ್ ಜಲಜನಕದೊಡನೆ ಸೇರಿ 2 ಮೋಲ್ ಅಮೋನಿಯಾ ಆಗುವುದರಿಂದ ಡೆಲ್ಟಾ-ಎನ್ = 2 − 4 = −2. 500 ಕೆಲ್ವಿನ್‌ನಲ್ಲಿ ಆರ್‌ಟಿ = 0.08314 × 500 = 41.57, ಇದರ ವರ್ಗ ಸುಮಾರು 1,728. ಕೆಸಿಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಕೆಪಿ ಬರುತ್ತದೆ.

ಇಲ್ಲಿ ಒತ್ತಡ ಬಾರ್‌ನಲ್ಲಿದೆ, ಸಾರತೆ ಲೀಟರಿಗೆ ಮೋಲ್‌ನಲ್ಲಿದೆ. ಅಭ್ಯಾಸಬಲದಿಂದ ಆರ್‌ಗೆ 8.314 ಎಂದು ಬರೆದರೆ ಉತ್ತರವು 10,000 ಪಟ್ಟು ಚಿಕ್ಕದಾಗುತ್ತದೆ. ಒತ್ತಡ ಅಟ್ಮಾಸ್ಫಿಯರ್‌ನಲ್ಲಿದ್ದರೆ 0.08206 ಬಳಸಬೇಕು.

ಜಲಜನಕ ಮತ್ತು ಅಯೋಡಿನ್ ಆವಿ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಕ್ರಿಯೆಯಲ್ಲಿ ಡೆಲ್ಟಾ-ಎನ್ ಸೊನ್ನೆ. ಎರಡೂ ಸ್ಥಿರಾಂಕಗಳು ಸಮ. ಕಾರ್ಖಾನೆಗಳ ಅಧಿಕ ಒತ್ತಡದಲ್ಲಾದರೋ ಅನಿಲಗಳು ಆದರ್ಶವಾಗಿ ವರ್ತಿಸುವುದಿಲ್ಲ. ಅಲ್ಲಿ ಆಂಶಿಕ ಒತ್ತಡದ ಬದಲು ಫ್ಯುಗಾಸಿಟಿಯನ್ನು ಬಳಸಬೇಕಾಗುತ್ತದೆ.