ಅಕ್ಕಸಾಲೆಯ ಕೈಕೆಲಸ

ಮನೆಯಲ್ಲಿ ಮದುವೆಯ ಮಾತು ಬಂತೆಂದರೆ ಅಕ್ಕಸಾಲಿಗನ ಮಾತು ಬಾರದಿರದು. 'ಅಕ್ಕಸಾಲೆ'ಯೆಂಬುದು ಸಂಸ್ಕೃತದ 'ಅಕ್ಷಶಾಲೆ'ಯ ತದ್ಭವವೆಂದು ಹೇಳುವುದುಂಟು. ಅಕ್ಷಶಾಲೆಯ ವಿವರಗಳು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತವೆ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು.

ಅಕ್ಷಶಾಲೆಯೆಂದರೆ ಅರಸನ ಚಿನ್ನ ಬೆಳ್ಳಿಯ ಕೆಲಸ ನಡೆಯುವ ಮನೆ. ಅದಕ್ಕೆ ಬಾಗಿಲು ಒಂದೇ. ಒಳಹೋಗುವ, ಹೊರಬರುವ ಕೆಲಸಗಾರರ ಬಟ್ಟೆಯನ್ನೂ ಕೈಯನ್ನೂ ಶೋಧಿಸಬೇಕು. ಹತಾರಗಳೂ ಅರೆಮುಗಿದ ಒಡವೆಗಳೂ ಅಲ್ಲಿಯೇ ಉಳಿಯಬೇಕು. ತಕ್ಕಡಿಯ ಮೋಸವೇ ಮೊದಲಾಗಿ ಚಿನ್ನ ಕದಿಯುವ ಐದು ಉಪಾಯಗಳನ್ನು ಕೌಟಿಲ್ಯನು ಎಣಿಸಿದ್ದಾನೆ. 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಎಂಬ ನಮ್ಮ ಗಾದೆಯಲ್ಲಿರುವ ಸಂಶಯ ಎಷ್ಟು ಹಳೆಯದು ನೋಡಿ!

ಆದರೆ ಅದೇ ಗ್ರಂಥ ಕೆಲಸದ ಬಗೆಗಳನ್ನೂ ಬಲ್ಲದು. ಹರಳು ಕೂರಿಸುವುದು ಕ್ಷೇಪಣ. ಎಳೆ ಹೆಣೆಯುವುದು ಗುಣ. ಗಟ್ಟಿಯಾದ, ಪೊಳ್ಳಾದ, ಸಣ್ಣ ಗುಂಡುಗಳನ್ನು ಕೂಡಿಸಿದ ಒಡವೆ ಕ್ಷುದ್ರಕ. ಈ ಮೂರು ಬಗೆಗಳೂ ಇಂದಿನ ಕೈಕೆಲಸದಲ್ಲಿ ಉಳಿದಿವೆ. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿಟ್ಟು ಕಾಯಿಸಿದರೆ ಅವು ಕರಗಿ ತಾವಾಗಿಯೇ ಸಾಸಿವೆಯಂತೆ ಗುಂಡಗಾಗುತ್ತವೆ. ಊದುಗೊಳವೆಯ ಉರಿಯಿಂದ ಅವನ್ನು ಒಡವೆಯ ಮೈಗೆ ಬೆಸೆಯಬೇಕು. ಉರಿ ಕೊಂಚ ಹೆಚ್ಚಿದರೆ ಎಲ್ಲವೂ ಕರಗಿ ಒಂದಾಗಿ ಹೋಗುತ್ತದೆ. ಕುಂದಣದ ಕೆಲಸಕ್ಕೆ ಬೆಸುಗೆಯೇ ಬೇಡ. ಅಪ್ಪಟ ಚಿನ್ನದ ತೆಳುಹಾಳೆಯನ್ನು ಹರಳಿನ ಸುತ್ತ ಒತ್ತಿದರೆ ಸಾಕು, ಅದು ತಾನೇ ಕಚ್ಚಿಕೊಳ್ಳುತ್ತದೆ. ಈ ಕೈಚಳಕಕ್ಕೆಲ್ಲ ಆಧಾರ ಚಿನ್ನದ ಮೃದುತ್ವ.

ಕನ್ನಡನಾಡಿಗೆ ಈ ಲೋಹ ಹೊಸದಲ್ಲ. ರಾಯಚೂರು ಸೀಮೆಯ ಹಟ್ಟಿಯಲ್ಲಿ ಬಹು ಪ್ರಾಚೀನ ಕಾಲದ ಗಣಿಗುಂಡಿಗಳು ಕಂಡುಬಂದಿವೆ. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ಅರಸರು ಬಂದರು, ಹೋದರು. ಮೂಸೆ, ಒರೆಗಲ್ಲು, ಊದುಗೊಳವೆಗಳು ಮಾತ್ರ ಉಳಿದುಬಂದುವು.

ಈ ಪರಂಪರೆಗೆ ದೊಡ್ಡ ಪೆಟ್ಟು ಬಿದ್ದುದು 1963ರ ಜನವರಿಯಲ್ಲಿ. ಚೀನಾ ಯುದ್ಧದ ಮರುವರ್ಷ ಅದು. ಕಳ್ಳಸಾಗಣೆಯ ಚಿನ್ನಕ್ಕಾಗಿ ದೇಶದ ಹಣ ಹೊರಗೆ ಹರಿಯುವುದನ್ನು ತಡೆಯಲೆಂದು, ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಚಿನ್ನ ನಿಯಂತ್ರಣವನ್ನು ತಂದರು. 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಒಡವೆ ಮಾಡಕೂಡದೆಂದಾಯಿತು. ಎಂದರೆ 24 ಪಾಲಿನಲ್ಲಿ 14 ಪಾಲು ಮಾತ್ರ ಚಿನ್ನ, ಉಳಿದದ್ದು ಬೆರಕೆ. ಅಂತಹ ಲೋಹ ಗಡುಸು. 22 ಕ್ಯಾರಟ್ಟಿಗೆ ಪಳಗಿದ ಕೈಯ ಮಾತನ್ನು ಅದು ಕೇಳದು, ಕುಂದಣಕ್ಕಂತೂ ಒಗ್ಗದು. ಕೊಳ್ಳುವವರೂ ಅದನ್ನು ಒಪ್ಪಲಿಲ್ಲ. ದೇಶದಾದ್ಯಂತ ಅಕ್ಕಸಾಲಿಗರ ಒಲೆಗಳು ಆರಿದುವು. ಬದುಕಲು ದಾರಿಗಾಣದೆ ಪ್ರಾಣ ಕಳೆದುಕೊಂಡವರೂ ಉಂಟು. 14 ಕ್ಯಾರಟ್ಟಿನ ಕಟ್ಟು 1966ರಲ್ಲಿ ಸಡಿಲಿತಾದರೂ, 1968ರ ಕಾಯಿದೆ ಲೈಸೆನ್ಸು, ಲೆಕ್ಕಪುಸ್ತಕಗಳನ್ನು ಉಳಿಸಿತು. ಅಕ್ಷಶಾಲೆಯ ಬಾಗಿಲ ಕಾವಲು ನಾಡಿಗೆಲ್ಲ ಹಬ್ಬಿದಂತಾಯಿತು. ಕಾಯಿದೆ ರದ್ದಾದದ್ದು 1990ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಬೇರೆ ಕಸುಬು ಹಿಡಿದ ಮನೆಯ ಮಕ್ಕಳು ಊದುಗೊಳವೆಗೆ ಮರಳುವುದು ಸುಲಭವೆ?

ಈಗ ಸ್ಪರ್ಧೆ ಯಂತ್ರದೊಡನೆ. ಪೀಣ್ಯಕ್ಕೆ ಹೊಂದಿಕೊಂಡ ನಮ್ಮ ಲಗ್ಗೆರೆಯವರಿಗೆ ಯಂತ್ರದ ಶಕ್ತಿಯನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಅಚ್ಚಿನ ನೂರು ಒಡವೆಗಳನ್ನು ಅದು ಕ್ಷಣದಲ್ಲಿ ಒತ್ತಬಲ್ಲದು. ಒರೆಗಲ್ಲಿನ ಸ್ಥಾನದಲ್ಲಿ ಹಾಲ್‌ಮಾರ್ಕ್ ಮುದ್ರೆ ಬಂದಿದೆ. 2021ರಿಂದ ಅದು ಹಂತಹಂತವಾಗಿ ಕಡ್ಡಾಯವೂ ಆಗಿದೆ. ಗ್ರಾಹಕರ ಹಳೆಯ ಸಂಶಯಕ್ಕೆ ಅದು ತಕ್ಕ ಉತ್ತರವೇ ಸರಿ. ಆದರೆ ಮುದ್ರೆ ಹೇಳುವುದು ಚಿನ್ನದ ಗುಣವನ್ನು, ಕೆಲಸದ ಗುಣವನ್ನಲ್ಲ.

ಆದುದರಿಂದ ಅಜ್ಜಿಯ ಕಾಲದ ಬುಗುಡಿಯನ್ನೋ ವಂಕಿಯನ್ನೋ ಕರಗಿಸಲು ಕೊಡುವ ಮುನ್ನ ಬೆಳಕಿಗೆ ಹಿಡಿದು ಒಮ್ಮೆ ನೋಡಿರಿ. ಗುಂಡುಗಳ ಸಾಲು, ಹರಳಿನ ಅಂಚು, ತಂತಿಯ ಹೆಣಿಗೆ ಕಣ್ಣಿಗೆ ಬಿದ್ದರೆ, ಮನೆಯ ಮಕ್ಕಳಿಗೂ ತೋರಿಸಿರಿ. ಕರಗಿಸಿದ ಮೇಲೆ ಚಿನ್ನವೇನೋ ಮರಳಿ ಬರುತ್ತದೆ. ಆ ಕೆಲಸ ಬಾರದು.